ಹಾವೇರಿಯ ಹಳೆಯ ಪತ್ರಿಕೆಗಳಿಗಾಗಿ ಒಂದು ದೇಣಿಗೆ ಮನವಿ

ಮಾನ್ಯರೇ,

ಹಾವೇರಿಯ ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ರಟ್ಟು ಕಟ್ಟಿದ 38 ಸಂಪುಟಗಳಿವೆ. ಹುಬ್ಬಳ್ಳಿ, ಧಾರವಾಡದಲ್ಲಿ ಅಚ್ಚಾದ ದಿನಪತ್ರಿಕೆಗಳು, ನಮ್ಮ ಸುತ್ತಿನ ವಾರಪತ್ರಿಕೆಗಳು, ಜೊತೆಗೆ ಒಂದಷ್ಟು ಸರ್ಕಾರಿ ವರದಿಗಳು. ಇವನ್ನು ವರ್ಷವಾರು ಜೋಡಿಸಿ, ಹೊಲಿಸಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿ ಇಟ್ಟ ಹಿಂದಿನ ಗ್ರಂಥಪಾಲಕರು ಈಗಿಲ್ಲ. ಪುಟ ತಿರುವಿದರೆ ಅಂಚು ಹಪ್ಪಳದಂತೆ ಮುರಿದು ಮೇಜಿನ ಮೇಲೆ ಉದುರುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ. ಯಾರೂ ಮುಟ್ಟದಿದ್ದರೂ ಅದು ಒಳಗೊಳಗೇ ಕಾಗದವನ್ನು ತಿನ್ನುತ್ತದೆ. 2019ರ ಆಗಸ್ಟ್ ಮಳೆಗೆ ಮಾಳಿಗೆ ಸೋರಿ, ಮೇಲಿನ ಸಾಲಿನ ನಾಲ್ಕು ಸಂಪುಟಗಳು ನೆನೆದು ಇಟ್ಟಿಗೆಯಂತಾದವು. ಆ ನಾಲ್ಕು ಈ 38ರ ಲೆಕ್ಕದಲ್ಲಿ ಇಲ್ಲ.

ಹಳೆಯ ಪತ್ರಿಕೆ ಯಾರಿಗೆ ಬೇಕು ಎಂದು ಕೇಳುವವರಿಗೆ ನಾವು ಒಬ್ಬ ನಿವೃತ್ತ ಹವಾಲ್ದಾರರ ಮಾತು ಹೇಳುತ್ತೇವೆ. ಬ್ಯಾಡಗಿ ಸೀಮೆಯ ರೈತರ ಮನೆಯವರು. 1971ರ ಯುದ್ಧ ಡಿಸೆಂಬರ್ 16ಕ್ಕೆ ಮುಗಿದರೂ ಅವರ ತುಕಡಿ ಗಡಿಯಲ್ಲೇ ಉಳಿದಿತ್ತು. ಅವರ ಮಾತನ್ನು ಧ್ವನಿಮುದ್ರಿಸಲು ಹೋದ ನಮ್ಮ ಹುಡುಗರು ಗುಂಡು, ಬಾಂಬು, ಟ್ಯಾಂಕ್ ಎಂದೆಲ್ಲ ಕೇಳಿದರು. ಅವರು ನೆನೆದದ್ದು ಅಂಚೆಯನ್ನು. ಊರಿನಿಂದ ತಮ್ಮ ಕಳಿಸುತ್ತಿದ್ದ ವಾರಪತ್ರಿಕೆ ‘56 ಎಪಿಒ’ ಎಂಬ ಸೇನಾ ಅಂಚೆಯ ವಿಳಾಸಕ್ಕೆ ಎಷ್ಟೋ ದಿನ ತಡವಾಗಿ ಬರುತ್ತಿತ್ತಂತೆ. ಅವರು ಮೊದಲು ನೋಡುತ್ತಿದ್ದುದು ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆ. ಆ ವರ್ಷದ ಬೆಳೆಯ ಮೇಲೆಯೇ ತಂಗಿಯ ಮದುವೆ ನಿಂತಿತ್ತು. ನಾವು ವಾಚನಾಲಯಕ್ಕೆ ಬಂದು 1972ರ ಜನವರಿಯ ಸಂಚಿಕೆಗಳನ್ನು ಹುಡುಕಿದೆವು. ಪುಟ ಸಿಕ್ಕಿತು. ಧಾರಣೆಯ ಅಂಕಣದ ಅರ್ಧ ಭಾಗವನ್ನು ಹುಳು ತಿಂದಿತ್ತು.

ಪತ್ರಿಕೆಯ ಪುಟಗಳ ಚಿತ್ರ ತೆಗೆದು, ಹಿರಿಯರ ನೆನಪನ್ನು ಧ್ವನಿಮುದ್ರಿಸಿ, ಎರಡನ್ನೂ ಒಟ್ಟಿಗೇ ಉಳಿಸಬೇಕು ಎಂದು ಅಂದೇ ತೀರ್ಮಾನಿಸಿದೆವು. ಕೆಲವು ವಿಷಯದಲ್ಲಿ ಆಗಲೇ ತಡವಾಗಿದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಗುಂಡಿಗೆ ಬಲಿಯಾದ ದಿನವನ್ನು ಕಂಡ ಒಬ್ಬರನ್ನು ಮಾತನಾಡಿಸೋಣ ಎಂದು ಹಳ್ಳಿ ಹಳ್ಳಿ ತಿರುಗಿದೆವು. ಸಿಕ್ಕಿದ್ದು ಮಕ್ಕಳು, ಮೊಮ್ಮಕ್ಕಳು ಮಾತ್ರ. 1953ರಲ್ಲಿ ಅದರಗುಂಚಿ ಶಂಕರಗೌಡರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕುಳಿತಾಗ ಶಾಲೆ ಬಿಟ್ಟು ಬೀದಿಗಿಳಿದ ಹುಡುಗರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಅವರಲ್ಲಿ ಕೆಲವರಿಗೆ ಬೆಳಗಿನ ಹೊತ್ತು ಮಾತ್ರ ಮಾತು ಸ್ಪಷ್ಟ. ಹಾಗಾಗಿ ಬೆಳಿಗ್ಗೆಯೇ ಹೋಗುತ್ತೇವೆ.

ಸರ್ಕಾರಿ ವರದಿಗಳದ್ದು ಬೇರೆಯೇ ಗೋಳು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲಿನದೆಲ್ಲ ಧಾರವಾಡ ಜಿಲ್ಲೆಯ ಹೆಸರಿನಲ್ಲಿ, 1956ಕ್ಕೂ ಹಿಂದಿನದು ಮುಂಬಯಿ ಸರ್ಕಾರದ ಕಡತಗಳಲ್ಲಿ. 1884ರಲ್ಲಿ ಧಾರವಾಡ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ, ಅಚ್ಚಾದಾಗ ಈ ಊರು ಕರಜಗಿ ತಾಲ್ಲೂಕಿನೊಳಗಿತ್ತು. ‘ಹಾವೇರಿ’ ಎಂದು ಹುಡುಕುವ ವಿದ್ಯಾರ್ಥಿಗೆ ಏನೂ ಸಿಗದಿದ್ದರೆ ಅವನ ತಪ್ಪೇನಿದೆ? ಪುಟಗಳ ಚಿತ್ರ ತೆಗೆದು ಸುಮ್ಮನೆ ಪೇರಿಸಿದರೆ ಸಾಲದು. ಊರಿನ ಹಳೆಯ ಹೆಸರು, ಹೊಸ ಹೆಸರು, ತಾಲ್ಲೂಕು, ತಾರೀಖು ಎಲ್ಲ ಸೇರಿಸಿ ಸೂಚಿ ಬರೆಯಬೇಕು. ಗೆಜೆಟಿಯರನ್ನು ಬೇರೆಯವರು ಈಗಾಗಲೇ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಅದಕ್ಕೆ ನಿಮ್ಮ ಒಂದು ರೂಪಾಯಿಯನ್ನೂ ಸುರಿಯುವುದಿಲ್ಲ.

ಮೊದಲು ಮೊಬೈಲಿನಲ್ಲೇ ಚಿತ್ರ ತೆಗೆದು ನೋಡಿದೆವು. ಸಾಲುಗಳು ಸೊಟ್ಟಗಾದವು, ನಡುವಿನ ಮಡಿಕೆಯಲ್ಲಿ ಅರ್ಧ ಅಕ್ಷರಗಳು ಕತ್ತಲಲ್ಲಿ ಹೋದವು. ಸ್ಕ್ಯಾನ್ ಮಾಡಿಸಲು ಒಂದು ಅಂಗಡಿಗೆ ಒಯ್ದರೆ, ಹೊಲಿಗೆ ಬಿಚ್ಚಿ ಹಾಳೆ ಬಿಡಿಸಿ ಕೊಡಿ ಎಂದರು. ಸಂಪುಟವನ್ನು ಎತ್ತಿಕೊಂಡು ವಾಪಸ್ ಬಂದೆವು. ಸಂಪುಟ ಬಿಚ್ಚದೆ ಮೇಲಿನಿಂದಲೇ ಚಿತ್ರ ತೆಗೆಯುವ ಸ್ಕ್ಯಾನರ್ ಬೇಕು. ಅಕ್ಷರ ಗುರುತಿಸುವ ತಂತ್ರಾಂಶ ಮೊಳೆ ಜೋಡಿಸಿದ ಹಳೆಯ ಅಚ್ಚಿನಲ್ಲಿ ಮಸಿ ಹರಡಿದ ‘ಪ’ವನ್ನು ‘ಷ’ ಎಂದು ಓದುತ್ತದೆ, ಒತ್ತಕ್ಷರ ನುಂಗುತ್ತದೆ. ತಲೆಬರಹಗಳನ್ನಾದರೂ ತಿದ್ದಿಕೊಡಲು ಮೂವರು ನಿವೃತ್ತ ಶಿಕ್ಷಕರು ಒಪ್ಪಿದ್ದಾರೆ. ಅವರು ಸಂಬಳ ಕೇಳಿಲ್ಲ, ಚಹಾ ಕೇಳಿದ್ದಾರೆ.

ಖರ್ಚಿನ ಲೆಕ್ಕ ಹೀಗಿದೆ. ಸ್ಕ್ಯಾನರಿಗೆ 1,90,000 ರೂಪಾಯಿ. ಸುಮಾರು 24,000 ಪುಟಗಳಿಗೆ, ಪುಟಕ್ಕೆ 7 ರೂಪಾಯಿಯಂತೆ, 1,68,000. ಧ್ವನಿಮುದ್ರಣದ ಸಲಕರಣೆ, ಬಸ್ ಖರ್ಚು ಮತ್ತು ಮೂರು ಪ್ರತಿ ಇಡಲು ಹಾರ್ಡ್ ಡಿಸ್ಕ್‌ಗಳಿಗೆ 92,000. ಮೂರು ಪ್ರತಿಗಳಲ್ಲಿ ಒಂದನ್ನು ಧಾರವಾಡದಲ್ಲಿ ಇಡುತ್ತೇವೆ. ಮಾಳಿಗೆಯನ್ನು ನಂಬಿ ಒಮ್ಮೆ ಕೆಟ್ಟಿದ್ದೇವೆ. ಒಟ್ಟು 4,50,000. ಕೈಯಲ್ಲಿರುವುದು 1,30,000. ಉಳಿದ 3,20,000ಕ್ಕೆ ನಿಮ್ಮ ಮುಂದೆ ಸೆರಗೊಡ್ಡಿದ್ದೇವೆ. 700 ರೂಪಾಯಿ ಕೊಟ್ಟರೆ 100 ಪುಟ ಉಳಿಯುತ್ತವೆ. 4,400 ಕೊಟ್ಟರೆ ಹೆಚ್ಚುಕಡಿಮೆ ಒಂದು ಪೂರ್ತಿ ಸಂಪುಟ. ತಂದೆ ತಾಯಿಯ ಹೆಸರಿನಲ್ಲಿ ಕೊಡುವವರ ಹೆಸರನ್ನು ಆ ಸಂಪುಟದ ಸೂಚಿಯಲ್ಲಿ ಬರೆಯುತ್ತೇವೆ. ಅಮೃತಶಿಲೆಯ ಫಲಕ ಹಾಕಿಸುವುದಿಲ್ಲ, ಅದರ ದುಡ್ಡಿನಲ್ಲಿ ಇನ್ನಷ್ಟು ಪುಟಗಳಾಗುತ್ತವೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇವೆ. ತೆರಿಗೆ ವಿನಾಯಿತಿಯ 80ಜಿ ಮಾನ್ಯತೆ ನಮಗೆ ಇನ್ನೂ ಬಂದಿಲ್ಲ. ಆ ಲೆಕ್ಕ ಹಾಕಿ ಕೊಡಬೇಡಿ. ಪ್ರಕಟವಾಗಿ 60 ವರ್ಷ ತುಂಬದ ಸಂಚಿಕೆಗಳನ್ನು ಮಾಲೀಕರ ಒಪ್ಪಿಗೆ ಇಲ್ಲದೆ ಅಂತರ್ಜಾಲಕ್ಕೆ ಹಾಕುವುದಿಲ್ಲ, ಅವನ್ನು ವಾಚನಾಲಯದ ಕಂಪ್ಯೂಟರಿನಲ್ಲಿ ಕುಳಿತು ಓದಬಹುದು. ಹಿರಿಯರ ಮಾತಿಗೂ ಅಷ್ಟೆ, ಅವರು ಬೇಡವೆಂದದ್ದು ಹೊರಗೆ ಹೋಗುವುದಿಲ್ಲ.

ದೇಣಿಗೆಯನ್ನು ವಾಚನಾಲಯದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ದುಡ್ಡು ಕೊಡಲಾಗದವರು ಮನೆಯ ಅಟ್ಟ ಒಮ್ಮೆ ನೋಡಿ. ಹಳೆಯ ವಾರಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಗಡಿಯಿಂದ ಬಂದ ಪತ್ರ ಏನಿದ್ದರೂ ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ನಮಗೊಂದು ಮಾತು ತಿಳಿಸಿ, ನಾವೇ ಬಂದು ಒಯ್ಯುತ್ತೇವೆ. ಹರಿದಿದ್ದರೆ ಹರಿದ ಹಾಗೆಯೇ ಕೊಡಿ. ದಯವಿಟ್ಟು ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ.

ತಮ್ಮ ವಿಶ್ವಾಸಿಗಳು,
ವಾಚನಾಲಯ ಟ್ರಸ್ಟಿನ ಪದಾಧಿಕಾರಿಗಳು, ಹಾವೇರಿ