ವೆಸ್ಲಿ ಉಳಿದದ್ದು ಬರೀ ಪ್ರಸಂಗದಿಂದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ, 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ, ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಕುರಿತು ಬಂದ ಲೇಖನ ಅವರ ಮಾತಿನ ಮೋಡಿಯನ್ನೇ ಕೊಂಡಾಡಿದೆ. ಮಾತಿನಲ್ಲಿ ಅವರ ಜೊತೆಗಾರ ಜಾರ್ಜ್ ವೈಟ್‌ಫೀಲ್ಡ್ ಒಂದು ಕೈ ಮೇಲೆಯೇ ಇದ್ದರು. ಬಯಲಿನಲ್ಲಿ ನಿಂತು ಪ್ರಸಂಗ (ಧರ್ಮೋಪದೇಶ) ಮಾಡಲು ಮುಜುಗರಪಡುತ್ತಿದ್ದ ವೆಸ್ಲಿಯವರನ್ನು 1739ರಲ್ಲಿ ಬ್ರಿಸ್ಟಲ್‌ಗೆ ಕರೆಸಿಕೊಂಡವರೂ ಅವರೇ. ಆದರೂ ವೈಟ್‌ಫೀಲ್ಡ್ ಹೆಸರು ಹೇಳುವ ದೊಡ್ಡ ಸಭೆ (ಚರ್ಚ್) ಇಂದು ಎಲ್ಲೂ ಇಲ್ಲ. ವೆಸ್ಲಿಯವರ ಸಭೆ ನಮ್ಮ ಕೋಲಾರದಲ್ಲೂ ಇದೆ. ಇದಕ್ಕೆ ಕಾರಣವಾದ ಏರ್ಪಾಡಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

1742ರಲ್ಲಿ ಬ್ರಿಸ್ಟಲ್‌ನಲ್ಲಿದ್ದ ವೆಸ್ಲಿಯವರ ಪ್ರಾರ್ಥನಾ ಮಂದಿರದ ಕಟ್ಟಡದ ಸಾಲ ತೀರಬೇಕಿತ್ತು. ವಾರಕ್ಕೆ ತಲಾ ಒಂದು ಪೆನ್ನಿ ಹಾಕೋಣ ಎಂದು ಒಬ್ಬರು ಸೂಚಿಸಿದರು. ಬಡವರು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ಬಂದಾಗ, ತೀರಾ ಬಡವರಾದ 11 ಮಂದಿಯನ್ನು ತನಗೇ ವಹಿಸಿ, ಅವರಿಂದ ಆಗದ್ದನ್ನು ತಾನೇ ತುಂಬುತ್ತೇನೆ ಎಂದರು ಆ ಮನುಷ್ಯ. ಸುಮಾರು 12 ಜನರ ‘ಕ್ಲಾಸ್’ ಹುಟ್ಟಿದ್ದು ಹೀಗೆ. ದುಡ್ಡಿಗೆಂದು ಕ್ಲಾಸಿನ ಮುಖ್ಯಸ್ಥ, ಅಂದರೆ ಲೀಡರ್, ಮನೆಮನೆಗೆ ಹೋದಾಗ ಕುಡಿತ, ಜಗಳಗಳೂ ಕಣ್ಣಿಗೆ ಬಿದ್ದವು. ಜನರನ್ನು ವಿಚಾರಿಸಿಕೊಳ್ಳಲು ಇದೇ ದಾರಿ ಎಂದು ವೆಸ್ಲಿ ಹಿಡಿದುಕೊಂಡರು.

ಆದರೆ ಮನೆಭೇಟಿ ಹೆಚ್ಚು ದಿನ ನಡೆಯಲಿಲ್ಲ. ಸಮಯ ಸಾಲುತ್ತಿರಲಿಲ್ಲ, ಮನೆಗೆಲಸದವರನ್ನು ಮಾತಾಡಿಸಲು ಯಜಮಾನರು ಬಿಡುತ್ತಿರಲಿಲ್ಲ, ಬಿಟ್ಟರೂ ಪಕ್ಕದಲ್ಲೇ ನಿಂತಿರುತ್ತಿದ್ದರು, ಇಬ್ಬರ ನಡುವಿನ ಮನಸ್ತಾಪ ಎದುರುಬದುರು ಕೂರಿಸದೆ ಬಗೆಹರಿಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದರು. ಯಾರಿಗೆ ಕಾಯಿಲೆ, ಯಾರು ದಾರಿ ತಪ್ಪಿದ್ದಾರೆ ಎಂಬುದನ್ನು ಲೀಡರ್ ಬೋಧಕರಿಗೆ ತಿಳಿಸಬೇಕು, ದುಡ್ಡನ್ನು ಹಣದ ಉಸ್ತುವಾರಿಯಾದ ಸ್ಟೂವರ್ಡ್‌ಗೆ ಒಪ್ಪಿಸಿ ಯಾರು ಎಷ್ಟು ಕೊಟ್ಟರೆಂಬ ಲೆಕ್ಕ ತೋರಿಸಬೇಕು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಹೊಸ ಟಿಕೆಟ್. ನಡತೆ ಸರಿಯಿಲ್ಲದವರಿಗೆ ಟಿಕೆಟ್ ಸಿಗುತ್ತಿರಲಿಲ್ಲ, ಅಷ್ಟೆ. ಎಲ್ಲರೆದುರು ಹೊರಹಾಕುವ ರಾದ್ಧಾಂತ ಇರಲಿಲ್ಲ.

1746ರಲ್ಲಿ ಲಂಡನ್‌ನಲ್ಲಿ ವೆಸ್ಲಿ ಸಾಲದ ನಿಧಿಯನ್ನೂ ತೆರೆದರು. ಒಬ್ಬರಿಗೆ ಹೆಚ್ಚೆಂದರೆ 20 ಶಿಲ್ಲಿಂಗ್, ವಾರದ ಕಂತು, ಮೂರು ತಿಂಗಳಲ್ಲಿ ಪೂರ್ತಿ ವಾಪಸ್. ನಮ್ಮ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ಆ ಸಂಘಗಳು ವೆಸ್ಲಿಯಿಂದ ಬಂದವೆಂದು ನಾನು ಹೇಳುತ್ತಿಲ್ಲ.) ಕ್ಲಾಸ್, ಸಂಘ ಎರಡೂ ಕೆಡುವ ಬಗೆಯೂ ಒಂದೇ: ಗುಂಪು ದೊಡ್ಡದಾದರೆ ಇಬ್ಬರೇ ಮಾತಾಡುತ್ತಾರೆ, ಉಳಿದವರು ದುಡ್ಡು ಕೊಟ್ಟು ಎದ್ದು ಹೋಗುತ್ತಾರೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕ್ಲಾಸ್ ಸೊರಗಿದಾಗ ಟಿಕೆಟ್ ಉಳಿಯಿತು, ವಿಚಾರಿಸಿಕೊಳ್ಳುವುದು ಹೋಯಿತು.

ಇನ್ನು ಲೇಖನದ ಎರಡು ತಪ್ಪುಗಳು. ವೆಸ್ಲಿ ಆಂಗ್ಲಿಕನ್ ಸಭೆ (ಇಂಗ್ಲೆಂಡಿನ ಅಧಿಕೃತ ಚರ್ಚ್) ಬಿಟ್ಟು ಹೊಸ ಸಭೆ ಕಟ್ಟಿದರು ಎಂದು ಬರೆದಿದ್ದೀರಿ. 1728ರಲ್ಲಿ ಆ ಸಭೆಯ ಪಾದ್ರಿಯಾಗಿ ದೀಕ್ಷೆ ಪಡೆದ ಅವರು 1791ರ ಮಾರ್ಚ್ 2ರಂದು ತೀರಿಕೊಂಡಾಗಲೂ ಅದೇ ಸಭೆಯ ಪಾದ್ರಿ. ಆದರೆ ಸ್ವತಂತ್ರಗೊಂಡ ಅಮೆರಿಕದಲ್ಲಿ ದೀಕ್ಷಾಸ್ನಾನ, ಪ್ರಭುಭೋಜನದ ಸಂಸ್ಕಾರ ಕೊಡಲು ಪಾದ್ರಿಗಳೇ ಸಾಲದಾದಾಗ, ದೀಕ್ಷೆ ಕೊಡುವುದು ಬಿಷಪ್‌ಗಳ ಕೆಲಸವಾಗಿದ್ದರೂ, 1784ರಲ್ಲಿ ಬಿಷಪ್ ಅಲ್ಲದ ಅವರು ತಾವೇ ಅಲ್ಲಿಗೆ ಕಳಿಸುವ ಬೋಧಕರಿಗೆ ದೀಕ್ಷೆ ಕೊಟ್ಟರು. ಅವರ ತಮ್ಮ ಚಾರ್ಲ್ಸ್‌ಗೇ ಇದು ಸರಿಬರಲಿಲ್ಲ. ಬೇರೆ ಸಭೆಯಾಗುವ ದಾರಿ ತೆರೆದದ್ದು ಅಲ್ಲಿ.

ಎರಡನೆಯ ತಪ್ಪು ನಮ್ಮ ಕಡೆಯದು. ಕೋಲಾರದ ಮೆಥೋಡಿಸ್ಟರು ಆ ಅಮೆರಿಕನ್ ಕವಲಿನವರು. ಇಲ್ಲಿನ ಇಟಿಸಿಎಂ ಆಸ್ಪತ್ರೆಯೂ ಅವರದೇ. ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್‌ನವರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರ ಜೊತೆ ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದದ್ದು ಆ ತುಮಕೂರಿನ ಕಡೆಯವರು. ಕೋಲಾರದವರು ಸೇರಲಿಲ್ಲ. ಲೇಖನದಲ್ಲಿ ಎರಡೂ ಜಿಲ್ಲೆಯವರನ್ನು ಸಿಎಸ್‌ಐ ಎಂದು ಹಾಕಿರುವುದನ್ನು ದಯವಿಟ್ಟು ಮುಂದಿನ ವಾರದ ತಿದ್ದುಪಡಿಯಲ್ಲಿ ಸರಿಪಡಿಸಿ.

– ಒಬ್ಬ ಓದುಗ, ಗಲ್‌ಪೇಟೆ, ಕೋಲಾರ