ಕಾಲುವೆಯ ತನಕ ಹೋಗಿ ಬಾ

ಸಿಂಧನೂರು

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೀಟು ಸಿಕ್ಕಿತೆಂದು ನಿಮ್ಮಪ್ಪ ಹೇಳಿದ. ನಿನಗೆ ಬಿ.ಇಡಿ. ಮಾಡಿಸಬೇಕೆಂದಿದ್ದವನು, ಈಗಲೂ ಒಳಗೊಳಗೇ ಅಳುಕುತ್ತಿದ್ದಾನೆ. ಅವನನ್ನು ನನಗೆ ಬಿಡು. ಹಾಸ್ಟೆಲಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇನೆ.

ಬೆಂಗಳೂರಿನಲ್ಲಿ ಸಿಗಲಿಲ್ಲವೆಂದು ನೀನು ಮುಖ ಸಣ್ಣ ಮಾಡಿಕೊಂಡಿದ್ದೆಯಂತೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಒಳ್ಳೆಯ ಅಚ್ಚುಕೂಟ ಆಗ ಇದ್ದದ್ದು ಅಲ್ಲಿ. ಕನ್ನಡದ ಮೊದಲ ಪತ್ರಿಕೆ ಹುಡುಕಿಕೊಂಡು ಬಂದ ಊರು ನಿನ್ನದು.

ಕ್ಯಾಮೆರಾ, ಎಡಿಟಿಂಗ್ ಎಲ್ಲ ಅಲ್ಲಿ ಕಲಿಸುತ್ತಾರೆ. ನನಗೆ ಹೇಳಬೇಕಾದದ್ದು ಬೇರೆಯೇ ಇದೆ, ನಾಚಿಕೆಯಾದರೂ ಹೇಳುತ್ತೇನೆ. ನಾನು 12 ವರ್ಷ ಇಲ್ಲಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದುದು ನಿನಗೆ ಗೊತ್ತು. ಒಂದು ವರ್ಷ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗಕ್ಕೆ ನೀರು ತಲುಪದೆ ಗಲಾಟೆಯಾಯಿತು. ಮೇಲಿನ ರೈತನೊಬ್ಬ ತೂಬು ಒಡೆದಿದ್ದಾನೆ ಎಂದು ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದರು. ಹೊತ್ತು ಮುಳುಗುವುದರೊಳಗೆ ಸುದ್ದಿ ಕಳಿಸಬೇಕಿತ್ತು. ಹೆಸರು ಸಮೇತ ಬರೆದುಬಿಟ್ಟೆ.

ನಾಲ್ಕು ದಿನದ ಮೇಲೆ ಅವನ ಹೊಲಕ್ಕೆ ಹೋದೆ. ತೂಬಿನ ಬಾಗಿಲು ತುಕ್ಕು ಹಿಡಿದು ತಾನಾಗಿಯೇ ಕಿತ್ತುಹೋಗಿತ್ತು. ರಿಪೇರಿ ಮಾಡಿಸಿರೆಂದು ಅವನೇ ಎರಡು ಸಲ ಅರ್ಜಿ ಕೊಟ್ಟಿದ್ದ. ನಕಲುಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದ. ಶಾಲೆಯಲ್ಲಿ ಅವನ ಮಗನನ್ನು ನೀರುಗಳ್ಳನ ಮಗ ಎಂದು ಕರೆದಿದ್ದರು. ಬೈಯಲಿಲ್ಲ ಆ ಮನುಷ್ಯ. ಮಜ್ಜಿಗೆ ಕೊಟ್ಟು, "ಒಂದ್ಸಲ ಬಂದು ನನ್ನೂ ಕೇಳಬೇಕಿತ್ರಿ" ಎಂದ. ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಅದನ್ನು ಯಾರು ಓದಿದರೋ!

ಯಾರ ಮೇಲೆ ಬರೆಯುತ್ತೀಯೋ ಅವರನ್ನು ಕೇಳದೆ ಒಂದಕ್ಷರ ಕಳಿಸಬೇಡ ಮಗಳೇ. ಗಡುವು ಮೀರಿದರೆ ಮೀರಲಿ.

ಲೆಕ್ಕವನ್ನೂ ಕಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ನಮ್ಮ ಓಣಿಯ ಮೊಬೈಲುಗಳಲ್ಲಿ ಡ್ಯಾಮೇ ಒಡೆಯಿತೆಂದು ಸುದ್ದಿ. ನಮಗೆ ಬೇಕಾಗಿದ್ದದ್ದು ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಹೊರಗೆ ಹೋಗುತ್ತಿದೆ, ನದಿ ದಂಡೆಯ ಯಾವ ಊರು ಎಚ್ಚರವಿರಬೇಕು, ಭತ್ತಕ್ಕೆ ನೀರು ಉಳಿಯುತ್ತದೆಯೇ ಎಂಬ ಮಾತು. 11,574 ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಇಷ್ಟು ಗೊತ್ತಿದ್ದರೆ ಜಲಾಶಯ ಎಷ್ಟು ದಿನದಲ್ಲಿ ಎಷ್ಟು ಬರಿದಾಗುತ್ತದೆಂದು ನೀನೇ ಗುಣಿಸಿ ಹೇಳಬಹುದು. ಆ ರಾತ್ರಿ ಅದನ್ನು ಶಾಂತವಾಗಿ ಹೇಳುವವರು ಒಬ್ಬರಿದ್ದಿದ್ದರೆ ನಿಮ್ಮ ದೊಡ್ಡವ್ವ ನಿದ್ದೆಗೆಡುತ್ತಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನೂ ಮೊದಲ ಸೆಮಿಸ್ಟರಿನಲ್ಲೇ ರೂಢಿ ಮಾಡಿಕೋ.

ದೀಪಾವಳಿಗೆ ಬರುತ್ತೀಯಲ್ಲ, ಆ ತೂಬಿನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಆ ರೈತ ಈಗಿಲ್ಲ. ಮಗ ಅದೇ ಹೊಲದಲ್ಲಿ ಭತ್ತ ಬೆಳೆಯುತ್ತಾನೆ. ನಮ್ಮ ಮನೆಯ ಹುಡುಗಿ ಪತ್ರಿಕೋದ್ಯಮ ಓದುತ್ತಿದ್ದಾಳೆಂದು ಅವನಿಗೆ ನಾನೇ ಹೇಳಬೇಕು.

ಇತಿ ನಿನ್ನ
ದೊಡ್ಡಪ್ಪ