ಅವಳ ನೋವನ್ನು ನಂಬಿದವರಿಗೆ

ಕಿಡ್ನಿ ಕಲ್ಲಿನ ತೊಂದರೆಗೆ ನನ್ನ ಹೆಂಡತಿಗೆ ಒಳಗೆ ಹಾಕಿದ್ದ ಸ್ಟೆಂಟ್, ಅಂದರೆ ತೆಳ್ಳನೆಯ ಪೈಪು, ಮೊನ್ನೆ ತೆಗೆದರು. ಸ್ಕ್ಯಾನಿಂಗ್‌ನಲ್ಲಿ ಕಲ್ಲಿನ ಚೂರೂ ಉಳಿದಿಲ್ಲ ಅಂತ ಬಂದಿದೆ. ಸೋಮವಾರದಿಂದ ಪಾಠ ಮಾಡಲು ಶಾಲೆಗೆ ಹೋಗುತ್ತಾಳೆ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುವುದು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಿಡ್ನಿ ಸ್ಟೋನ್ ಅಂದರೆ ಯಾರೂ ಜಾಸ್ತಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ‘ಅಯ್ಯೋ ಅಷ್ಟೇನಾ, ನೀರು ಕುಡಿದರೆ ಹೋಗ್ತದೆ’ ಅನ್ನುವವರೇ ಎಲ್ಲ. ಈ ನೋವಿನ ಗುಣವೂ ಹಾಗೇ ಇದೆ. ಬಂದಾಗ ಪಕ್ಕೆಯಿಂದ ಕಿಬ್ಬೊಟ್ಟೆಯವರೆಗೆ ಹಿಂಡಿಹಾಕುತ್ತದೆ, ವಾಂತಿ ಆಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತದೆ. ಡಾಕ್ಟರ ಮುಂದೆ ಕೂತಾಗ ಇಳಿದಿದ್ದರೆ ಮುಗಿಯಿತು, ಗ್ಯಾಸ್ ಅಂತ ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ. ಮೊದಲು ತೋರಿಸಿದ ಕಡೆ ನಮಗೂ ಅದೇ ಆಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಟೆನ್ಶನ್ ಮಾಡ್ಕೋಬೇಡಿ ಅಂತ ಬುದ್ಧಿ ಹೇಳಿ ಕಳಿಸಿದರು. ಎರಡು ಹೆರಿಗೆ ಕಂಡ ಹೆಂಗಸು ಇದಕ್ಕಿಂತ ಅದೇ ವಾಸಿ ಅನ್ನುವಾಗ ಗ್ಯಾಸ್ ಅಂದರೆ ಹೇಗೆ?

ಅದಕ್ಕೇ ಮೊದಲ ನಮಸ್ಕಾರ ಕೆಳಗಿನ ಮನೆಯ ಅಕ್ಕನವರಿಗೆ. ಆ ರಾತ್ರಿ ಇವಳು ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಂಚಕ್ಕೆ ಓಡಾಡುತ್ತಿದ್ದಳು. ನಡುನಡುವೆ ಹಣೆಯನ್ನು ಕಬ್ಬಿಣದ ಬೀರುವಿಗೆ ಒತ್ತಿ ನಿಲ್ಲುತ್ತಿದ್ದಳು. ಸದ್ದು ಕೇಳಿ ಮೇಲೆ ಬಂದ ಅಕ್ಕ ಒಂದು ಗಳಿಗೆ ನೋಡಿದರು. ‘ತಮ್ಮಾ, ಇದು ಗ್ಯಾಸ್ ಅಲ್ಲ, ಕಲ್ಲು. ನಮ್ಮ ಮನಿಯವ್ರೂ ಹಿಂಗ ಗ್ವಾಡಿ ಹಿಡ್ಕೊಂಡು ನಿಂತಿದ್ರು. ನಡಿ, ಕರ್ಕೊಂಡು ಹೋಗು’ ಅಂದರು. ಆಮೇಲೆ ಡಾಕ್ಟರೂ ಹೆಚ್ಚುಕಮ್ಮಿ ಅದನ್ನೇ ಹೇಳಿದರು. ಹೊಟ್ಟೆಯೊಳಗೆ ಬೇರೆ ದೊಡ್ಡ ತೊಂದರೆ ಇದ್ದವರು ಅಲುಗಾಡದೆ ಮಲಗುತ್ತಾರಂತೆ, ಕಲ್ಲಿನವರು ಒಂದು ಕಡೆ ನಿಲ್ಲುವುದಿಲ್ಲವಂತೆ.

ಸಿಟಿ ಸ್ಕ್ಯಾನ್‌ನಲ್ಲಿ 9 ಎಂಎಂ ಕಲ್ಲು ಕಂಡಿತು. ಕಿಡ್ನಿಯಿಂದ ಜಾರಿ ಮೂತ್ರನಾಳದ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿತ್ತು, ಹಿಂದೆ ಕಿಡ್ನಿ ಊದಿತ್ತು. 5 ಎಂಎಂ ಒಳಗಿನ ಕಲ್ಲು ಸಾಮಾನ್ಯವಾಗಿ ತಾನಾಗೇ ಬಿದ್ದುಹೋಗುತ್ತದೆ, ಇಷ್ಟು ದೊಡ್ಡದು ಬೀಳುವುದು ಕಷ್ಟ ಅಂದರು ಡಾಕ್ಟರು. ಆದರೂ ಗುಳಿಗೆ ಕೊಟ್ಟು ನಾಲ್ಕು ದಿನ ನೋಡೋಣ, ಚಳಿಜ್ವರ ಬಂದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ ಅಂತ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕೊಟ್ಟರು. ಆ ಗೀಟಿಗೆ ನಾನು ಋಣಿ. ಯಾಕಂದರೆ ಚಳಿಜ್ವರ ಬಂದೇ ಬಂತು.

ಕೊಪ್ಪಳದಿಂದ ಹುಬ್ಬಳ್ಳಿಗೆ ಮಳೆಯಲ್ಲಿ ಕಾರು ಓಡಿಸಿದ ಹುಡುಗ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಗದಗ ದಾಟಿದ ಮೇಲೆ ಮಾತ್ರ, ‘ಅಕ್ಕಾರ, ಹಂಪ್ಸ್ ಐತ್ರಿ, ಗಟ್ಟಿ ಹಿಡ್ಕೋರಿ’ ಅಂದ. ಪ್ರತಿ ಹಂಪ್‌ಗೂ ಹೀಗೇ ಹೇಳುತ್ತಾ ಕರೆದೊಯ್ದ. ಬಾಡಿಗೆ ಕೊಟ್ಟರೆ ಡೀಸೆಲ್ ದುಡ್ಡು ಬಿಟ್ಟು ಉಳಿದದ್ದನ್ನು ವಾಪಸ್ ಕೊಟ್ಟ. ತಮ್ಮಾ, ನಿನ್ನ ಹೆಸರು ಹಾಕಬೇಡ ಅಂದಿದ್ದೀಯ, ಹಾಕಿಲ್ಲ.

ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್‌ಗೆ ಒಯ್ದರೂ ಕಲ್ಲು ತೆಗೆಯಲಿಲ್ಲ, ಸ್ಟೆಂಟ್ ಹಾಕಿ ಕಳಿಸಿದರು. ‘ಮತ್ತೆ ಕಲ್ಲು?’ ಅಂತ ಕೇಳಿದೆ. ಎಷ್ಟೋ ರೋಗಿಗಳು ಕಾಯುತ್ತಿದ್ದರೂ ಆ ಡಾಕ್ಟರು ನಿಂತು, ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಲ್ಲಿನ ಹಿಂದೆ ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಆಗಿದೆ. ಈಗಲೇ ಕಲ್ಲು ಒಡೆಯಲು ಹೋದರೆ ಆ ಸೋಂಕು ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತು ಬರಬಹುದು. ಮೊದಲು ಹರಿದುಹೋಗಲು ದಾರಿ, ಆಂಟಿಬಯೋಟಿಕ್ ಮುಗಿದ ಮೇಲೆ ಕಲ್ಲು. ಹಾಗೇ ಮಾಡಿದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಕಳಿಸಿ, ಲೇಸರ್‌ನಿಂದ ಪುಡಿ ಮಾಡಿದರು. ಎಲ್ಲೂ ಕೊಯ್ದಿಲ್ಲ ಅಂದರೆ ನಮ್ಮ ಅವ್ವ ಇವತ್ತಿಗೂ ನಂಬುವುದಿಲ್ಲ.

ರಾತ್ರಿ ಪಾಳಿಯ ಸಿಸ್ಟರ್ ಒಬ್ಬರನ್ನು ಮರೆಯುವ ಹಾಗಿಲ್ಲ. ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿದರು. ಇವಳು ಐದು ಅಂದಳು. ಇವಳು ಹಾಗೇ, ಕೂಗುವವಳಲ್ಲ. ಸಿಸ್ಟರ್ ಮುಖ ನೋಡಲಿಲ್ಲ, ಹಾಸಿಗೆ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಿದ್ದ ಕೈ ನೋಡಿದರು. ‘ಮೇಡಂ, ಇದು ಐದಲ್ಲ’ ಅಂತ ಹೇಳಿ ಡಾಕ್ಟರಿಗೆ ಫೋನ್ ಮಾಡಿ ಇಂಜೆಕ್ಷನ್ ಕೊಡಿಸಿದರು. ನೋವು ಇದೆ ಅಂತ ರೋಗಿ ಸಾಬೀತು ಮಾಡಬೇಕಾಗಿರಲಿಲ್ಲ ಅಲ್ಲಿ.

ಆಪರೇಷನ್ ಆಯಿತಲ್ಲ, ಇನ್ನೇನು ಅಂತ ಬಂದವರು ಕೇಳುತ್ತಿದ್ದರು. ಸ್ಟೆಂಟ್ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೇ ಇರುವ ತೆಳ್ಳನೆಯ ಪೈಪು ಅದು. ಮೂತ್ರಕ್ಕೆ ಹೋದಾಗಲೆಲ್ಲ ಪಕ್ಕೆಯವರೆಗೂ ಜಗ್ಗುತ್ತದೆ, ಬಣ್ಣ ಕೆಂಪಗೆ ಬರುತ್ತದೆ, ಬಂದು ಕೂತ ಕೂಡಲೇ ಮತ್ತೆ ಹೋಗಬೇಕು ಅನಿಸುತ್ತದೆ. ಬಚ್ಚಲಲ್ಲಿ ನಲ್ಲಿ ಹಿಡಿದು ನಿಂತು ಒಂದು, ಎರಡು ಅಂತ ಎಣಿಸುತ್ತಿದ್ದಳು. ಇನ್ನೊಂದು ಮಾತು, ಅದನ್ನು ಹೇಳಿದ ದಿನ ತೆಗೆಸಲೇಬೇಕು. ಮರೆತು ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ನಮ್ಮ ಮಗಳು ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದು, ಅಮ್ಮ ಕುಡಿದ ಪ್ರತಿ ಚೊಂಬಿಗೂ ಕೆಳಗೆ ಒಂದು ಗೆರೆ ಎಳೆಯುತ್ತಿದ್ದಳು. ತಪ್ಪಿಸಿದರೆ ಬೈಗುಳ, ಅದೂ ಥೇಟ್ ಟೀಚರಮ್ಮನ ದನಿಯಲ್ಲೇ.

ಕಲ್ಲು ಯಾಕಾಯಿತು ಅಂತ ಕೇಳುವವರಿಗೆ: ಲ್ಯಾಬ್ ಪ್ರಕಾರ ಅದು ಕ್ಯಾಲ್ಸಿಯಂ ಆಕ್ಸಲೇಟ್, ಎಲ್ಲಕ್ಕಿಂತ ಜಾಸ್ತಿ ಕಾಣುವ ಜಾತಿ. ಆದರೆ ನಿಜವಾದ ಕಾರಣ ನಮಗೆಲ್ಲ ಗೊತ್ತಿದೆ. ನಮ್ಮ ಕಡೆಯ ಬಿಸಿಲು ಒಂದು. ಶಾಲೆಯ ಶೌಚಾಲಯಕ್ಕೆ ನೀರಿಲ್ಲದೆ ಬೀಗ ಬಿದ್ದಿದ್ದು ಇನ್ನೊಂದು. ಮಕ್ಕಳಿಗೆ ನೀರು ಕುಡಿಯಿರಿ ಅಂತ ಬೆಲ್ ಹೊಡೆಸುವ ಟೀಚರು ಬೆಳಗಿನಿಂದ ಸಂಜೆವರೆಗೆ ತಾನು ತುಟಿ ಒದ್ದೆ ಮಾಡುತ್ತಿರಲಿಲ್ಲ. ಇವಳೊಬ್ಬಳೇ ಅಲ್ಲ, ಜತೆಯ ಟೀಚರುಗಳೆಲ್ಲ ಹಾಗೇ. ಆ ಟೀಚರುಗಳು ಇವಳ ಕ್ಲಾಸುಗಳನ್ನು ಹಂಚಿಕೊಂಡರು. ಜತೆಗೆ ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರನ್ನು ಕೂರಿಸಿಕೊಂಡು ಟ್ಯಾಂಕು, ಪೈಪು ಹಾಕಿಸಿ ಬೀಗ ತೆಗೆಸಿದರು. ಅವರಿಗೆ ದೊಡ್ಡ ನಮಸ್ಕಾರ. ಬಿಸಿಯೂಟದ ಅಕ್ಕಂದಿರು ಈಗಲೇ ಎಚ್ಚರಿಕೆ ಕೊಟ್ಟಿದ್ದಾರೆ, ‘ಬರ್ರಿ ಮೇಡಂ, ನಾವ ಕುಡಿಸ್ತೀವಿ’ ಅಂತ.

ಪಕ್ಕದ ಗೊಬ್ಬರದ ಅಂಗಡಿಯವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನನ್ನದೂ ಅದೇ ವ್ಯಾಪಾರ. ಮುಂಗಾರು ಬಿತ್ತನೆ ಹೊತ್ತಿನಲ್ಲಿ ನನ್ನ ಶಟರ್ ಮುಚ್ಚಿದ್ದರೆ ಅವರಿಗೇ ಲಾಭ. ಅವರು ಮಗನನ್ನು ನನ್ನ ಅಂಗಡಿಯಲ್ಲಿ ಕೂರಿಸಿ, ಪ್ರತಿ ಚೀಲದ ಲೆಕ್ಕ ಬರೆಸಿಟ್ಟಿದ್ದಾರೆ. ಇದಕ್ಕೆ ಏನು ಹೇಳಬೇಕೋ ನನಗಂತೂ ತಿಳಿಯದು.

ಬಾಳೆದಿಂಡು, ಹುರುಳಿ ಕಟ್ಟು, ಕಾಡುಬಸಳೆ ಎಲೆ ಕಳಿಸಿದವರಿಗೂ ಥ್ಯಾಂಕ್ಸ್. ಬಿಯರ್ ಕುಡಿಸಿ ಅಂದ ಗೆಳೆಯರಿಗೆ ಇಲ್ಲ. ದಿಂಡಿನ ಪಲ್ಯ ಊಟಕ್ಕೆ ಚೆನ್ನ, 9 ಎಂಎಂ ಕಲ್ಲು ಕರಗಿಸುವುದಿಲ್ಲ ಅಂದರು ಡಾಕ್ಟರು. ಹಾಲು ಮೊಸರು ಬಿಡಿ ಅಂತ ಸುಮಾರು ಜನ ಹೇಳಿದ್ದರು, ಬಿಡುವುದು ಬೇಡವಂತೆ. ಊಟದ ಜತೆ ಮೊಸರು ಇದ್ದರೆ ಊಟದಲ್ಲಿರುವ ಆಕ್ಸಲೇಟ್ ಹೊಟ್ಟೆಯಲ್ಲೇ ಮೊಸರಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಉಪ್ಪು ಕಡಿಮೆ ಮಾಡಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಅಂದಿದ್ದಾರೆ. ಹಾಗಾಗಿ ದಯವಿಟ್ಟು ಉಪ್ಪಿನಕಾಯಿ, ಹಪ್ಪಳ ಕಳಿಸಬೇಡಿ. ದಿಂಡೂ ಸಾಕು, ಫ್ರಿಜ್‌ನಲ್ಲಿ ಜಾಗ ಇಲ್ಲ.

ಊಟ ಕಳಿಸಿದ ಡಬ್ಬಿಗಳೆಲ್ಲ ತೊಳೆದು ಇಟ್ಟಿದ್ದೇವೆ. ಹೆಸರು ಕೊರೆಸಿದವನ್ನು ನಾನೇ ಮನೆಗೆ ತಂದುಕೊಡುತ್ತೇನೆ. ಹೆಸರಿಲ್ಲದ ಒಂದು ದೊಡ್ಡ ಟಿಫನ್ ಕ್ಯಾರಿಯರ್, ಮುಚ್ಚಳ ಸ್ವಲ್ಪ ನೆಗ್ಗಿದ್ದು, ಯಾರದೋ ಗೊತ್ತಾಗಿಲ್ಲ. ನಿಮ್ಮದಾದರೆ ಭಾನುವಾರ ಬನ್ನಿ, ಇವಳೂ ಇರುತ್ತಾಳೆ.